ವಿಯೆನ್ನಾದಲ್ಲಿ ರೈಲು ಹತ್ತುವ ಮುಂಚೆ: ಗೇಟಿಲ್ಲ ಅಂದರೆ ಟಿಕೆಟ್ ಬೇಡ ಅಂತಲ್ಲ

ನಮ್ಮ ಹಾಸನ, ಚಿಕ್ಕಮಗಳೂರು ಕಡೆಯಿಂದ ಯುರೋಪಿಗೆ ಹೋಗುವವರಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗುವ ಅಪ್ಪ ಅಮ್ಮಂದಿರು ಬಹಳ. ಮಕ್ಕಳು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟುಬಿಡುತ್ತಾರೆ. ಶನಿವಾರ ಬರುವ ತನಕ ಕಿಟಕಿಯಲ್ಲಿ ಬೀದಿ ನೋಡುತ್ತಾ ಕೂರುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೆ? ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಂತೂ ಹಾಗೆ ಕೂರುವ ಅಗತ್ಯವೇ ಇಲ್ಲ. ಜರ್ಮನ್ ಬಾರದಿದ್ದರೂ ಇಬ್ಬರೇ ರೈಲು, ಟ್ರಾಮ್ ಹತ್ತಿ ಊರು ಸುತ್ತಿ ಬರಬಹುದು. ಆದರೆ ಎಡವುವ ಜಾಗಗಳು ಕೆಲವಿವೆ, ಮೊದಲನೆಯದು ಸ್ಟೇಷನ್ ಬಾಗಿಲಲ್ಲೇ.

ಬೆಂಗಳೂರಿನ ಮೆಟ್ರೊಗೆ ಒಗ್ಗಿದವರು ಅಲ್ಲಿ ಗೇಟು ಹುಡುಕುತ್ತಾರೆ. ವಿಯೆನ್ನಾದ ಮೆಟ್ರೊ ಯು-ಬಾನ್. ಅದಕ್ಕೆ ಗೇಟಿಲ್ಲ, ಕಾರ್ಡ್ ಮುಟ್ಟಿಸುವ ಕಂಬವಿಲ್ಲ, ಬ್ಯಾಗು ತಪಾಸಣೆಯಿಲ್ಲ. ಮೆಟ್ಟಿಲಿಳಿದರೆ ನೇರ ಪ್ಲಾಟ್‌ಫಾರ್ಮ್. ಹಾಗೆಂದು ಹಾಗೇ ಹತ್ತಿ ಕೂತರೆ, ಮಾಮೂಲಿ ಬಟ್ಟೆಯಲ್ಲಿರುವ ತಪಾಸಣೆಯವರು ಎದುರಿಗೆ ಬಂದು ನಿಂತಾಗಲೇ ಗೊತ್ತಾಗುವುದು. ದಂಡ 100 ಯೂರೊ ಮೀರುತ್ತದೆ. ‘ಹೊಸಬರು, ಗೊತ್ತಿರಲಿಲ್ಲ’ ಅಂದರೆ ನಡೆಯುವುದಿಲ್ಲ.

ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟಿದವರಿದ್ದಾರೆ, ಅದು ಇನ್ನೂ ಬೇಸರದ್ದು. ಕಾಗದದ ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಅದಕ್ಕೆ ಮುದ್ರೆ ಬೀಳಬೇಕು. ಯು-ಬಾನ್ ಪ್ಲಾಟ್‌ಫಾರ್ಮಿಗೆ ಇಳಿಯುವ ದಾರಿಯಲ್ಲಿ, ಟ್ರಾಮು ಬಸ್ಸುಗಳ ಒಳಗೆ, ಎದೆಮಟ್ಟದಲ್ಲಿ ನೀಲಿ ಬಣ್ಣದ ಪುಟ್ಟ ಪೆಟ್ಟಿಗೆ ಇರುತ್ತದೆ. ಹೆಸರು ಎಂಟ್ವೆರ್ಟರ್. ಟಿಕೆಟ್ಟಿನ ಮೇಲಿರುವ ಬಾಣದ ಗುರುತನ್ನು ಮುಂದೆ ಮಾಡಿ ಸೀಳಿಗೆ ತಳ್ಳಿ. ಒಳಗೆ ಸದ್ದಾಗಿ ತುದಿಯಲ್ಲಿ ತಾರೀಕು, ಸಮಯ ಅಚ್ಚಾಗುತ್ತದೆ. ಈಚೆ ತೆಗೆದ ಮೇಲೆ ಒಮ್ಮೆ ಕಣ್ಣಾಡಿಸಿ: ತಿರುಗಾಮುರುಗಾ ಹಾಕಿದ್ದರೆ ಮುದ್ರೆಯೇ ಬಿದ್ದಿರುವುದಿಲ್ಲ. ಒಂದು ಟಿಕೆಟ್ಟಿಗೆ ಒಂದೇ ಸಲ. ನಡುವೆ ಟ್ರಾಮ್ ಬದಲಾಯಿಸಿದಿರಿ ಅಂತ ಮತ್ತೆ ಹಾಕಿದರೆ ಟಿಕೆಟ್ ಕೆಡುತ್ತದೆ. ಸ್ಟೇಷನ್ನಿನ ಯಂತ್ರದಲ್ಲಿ ಕೊಳ್ಳುವಾಗ ಈಗಲೇ ಮುದ್ರೆ ಹಾಕಲೋ ಆಮೇಲೋ ಅಂತ ಅದೇ ಕೇಳುತ್ತದೆ. ಕೂಡಲೇ ಹೊರಡುವುದಿದ್ದರೆ ಈಗಲೇ ಅನ್ನಿ. ಟ್ರಾಫಿಕ್ ಅನ್ನುವ ಬೋರ್ಡಿನ ಅಂಗಡಿಯಲ್ಲೂ ಟಿಕೆಟ್ ಸಿಗುತ್ತದೆ. ಅದು ಪೊಲೀಸರ ಚೌಕಿಯಲ್ಲ, ಸಿಗರೇಟು, ಪೇಪರ್ ಮಾರುವ ಅಂಗಡಿ. ಅಲ್ಲಿ ಕೊಂಡದ್ದಕ್ಕೆ ಮುದ್ರೆ ನೀವೇ ಹಾಕಿಕೊಳ್ಳಬೇಕು. ಮೊಬೈಲಿನಲ್ಲಿ ವೀನ್‌ಮೊಬಿಲ್ ಆ್ಯಪ್ ಮೂಲಕ ಕೊಂಡರೆ ಪೆಟ್ಟಿಗೆಯ ಗೊಡವೆಯಿಲ್ಲ, ಆದರೆ ಗಾಡಿ ಹತ್ತುವ ಮುಂಚೆ ಕೊಂಡಿರಬೇಕು. ತಪಾಸಣೆಯವರ ಮುಖ ಕಂಡ ಮೇಲೆ ಕೊಂಡದ್ದು ಲೆಕ್ಕಕ್ಕಿಲ್ಲ. ಬ್ಯಾಟರಿ ಸತ್ತರೆ ಟಿಕೆಟ್ಟೂ ಸತ್ತ ಹಾಗೆ, ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಒಂದು ಸಲದ ಟಿಕೆಟ್ಟಿನಲ್ಲಿ ಯು-ಬಾನ್‌ನಿಂದ ಟ್ರಾಮಿಗೆ, ಟ್ರಾಮಿನಿಂದ ಬಸ್ಸಿಗೆ, ನಗರದೊಳಗಿನ ಎಸ್-ಬಾನ್ ಲೋಕಲ್ ರೈಲಿಗೆ ಬದಲಾಯಿಸುತ್ತಾ ಹೋಗಬಹುದು. ಮುಂದಕ್ಕೆ ಮಾತ್ರ. ನಡುವೆ ಇಳಿದು ಅಂಗಡಿ ಸುತ್ತಿ ಮತ್ತೆ ಹತ್ತುವುದಾಗಲಿ, ಅದರಲ್ಲೇ ವಾಪಸು ಬರುವುದಾಗಲಿ ಆಗುವುದಿಲ್ಲ. ದಿನಕ್ಕೆ ನಾಲ್ಕು ಕಡೆ ಓಡಾಡುವವರು 24 ಗಂಟೆಯ ಟಿಕೆಟ್ ತೆಗೆದುಕೊಳ್ಳುವುದು ವಾಸಿ. ಇದರ ಲೆಕ್ಕ ಕ್ಯಾಲೆಂಡರ್ ದಿನದ್ದಲ್ಲ, ಮುದ್ರೆ ಬಿದ್ದ ಗಳಿಗೆಯಿಂದ. ಮಧ್ಯಾಹ್ನ 2ಕ್ಕೆ ಶುರುವಾದರೆ ನಾಳೆ ಮಧ್ಯಾಹ್ನ 2ರ ತನಕ. ಹಾಗಾಗಿ ಸಂಜೆ ವಾಕಿಂಗಿಗೆ ಹೊರಟಾಗ ಮುದ್ರೆ ಹಾಕಿದರೆ ಮಾರನೆಯ ಬೆಳಿಗ್ಗೆಯೂ ಅದರಲ್ಲೇ ಸಾಗುತ್ತದೆ. 6 ವರ್ಷದೊಳಗಿನ ಮೊಮ್ಮಕ್ಕಳಿಗೆ ಟಿಕೆಟ್ ಬೇಡ.

ಇಷ್ಟೂ ನಡೆಯುವುದು ನಗರ ವಲಯದ ಒಳಗೆ. ವಿಮಾನ ನಿಲ್ದಾಣ ಅದರ ಆಚೆಗಿದೆ. ವಾಪಸು ಹೊರಡುವ ದಿನ 24 ಗಂಟೆಯ ಟಿಕೆಟ್ ಇದೆಯಲ್ಲ ಅಂತ ಅಲ್ಲಿಗೆ ಹೋಗುವ ಎಸ್7 ಲೋಕಲ್ ಹತ್ತಿದರೆ ಕೈಸರ್‌ಎಬರ್ಸ್‌ಡಾರ್ಫ್ ಸ್ಟೇಷನ್ ದಾಟುತ್ತಿದ್ದಂತೆ ನೀವು ಟಿಕೆಟ್ಟಿಲ್ಲದ ಪ್ರಯಾಣಿಕರು. ನಗರದ ಟಿಕೆಟ್ ಇದ್ದವರು ಆಚೆಯ ತುಂಡಿಗೆ ಮಾತ್ರ ಬೇರೆ ಟಿಕೆಟ್ ತೆಗೆದರೆ ಸಾಕು.

ಇಳಿದ ದಿನವೂ ಅಲ್ಲಿ ಆಯ್ಕೆ ಮೂರಿದೆ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಹಸಿರು ಬಣ್ಣದ ಸಿಟಿ ಏರ್‌ಪೋರ್ಟ್ ಟ್ರೇನ್. ವೀನ್ ಮಿಟ್ಟೆ ಸ್ಟೇಷನ್ನಿಗೆ 16 ನಿಮಿಷ, ದರ ಬೇರೆಯೇ, ನಗರದ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಅದೇ ವೀನ್ ಮಿಟ್ಟೆಗೆ ಎಸ್7 ಲೋಕಲ್ ಸುಮಾರು 25 ನಿಮಿಷದಲ್ಲಿ ಹೋಗುತ್ತದೆ. ಉಳಿಯುವ 9 ನಿಮಿಷಕ್ಕೆ ಅಷ್ಟು ದುಡ್ಡು ಯಾಕೆ ಅಂತ ನನ್ನ ಅಭಿಪ್ರಾಯ. ಮೂರನೆಯದು ರೈಲ್‌ಜೆಟ್, ದೂರದ ಊರಿನ ದೊಡ್ಡ ರೈಲು. ಅದು ಮುಖ್ಯ ನಿಲ್ದಾಣವಾದ ಹೌಪ್ಟ್‌ಬಾನ್‌ಹೋಫಿಗೆ ಕಾಲು ಗಂಟೆಯಲ್ಲಿ ತಲುಪಿಸುತ್ತದೆ, ಲೋಕಲ್ ದರವೇ ಸಾಕು. ದೊಡ್ಡ ಸೂಟ್‌ಕೇಸ್ ಇದ್ದವರಿಗೆ ಇದೇ ಸುಖ.

ವೀನ್ ಮಿಟ್ಟೆ ಹೆಸರಿನಲ್ಲೂ ಒಂದು ಗೊಂದಲವಿದೆ. ರೈಲಿನವರು ವೀನ್ ಮಿಟ್ಟೆ ಅನ್ನುವ ಜಾಗಕ್ಕೆ ಯು-ಬಾನ್‌ನವರು ಲಾಂಡ್‌ಸ್ಟ್ರಾಸೆ ಅನ್ನುತ್ತಾರೆ. ಎರಡೂ ಒಂದೇ ಕಟ್ಟಡ, ಯು3 ಮತ್ತು ಯು4 ಅಲ್ಲಿ ಸಿಗುತ್ತವೆ.

ಯು-ಬಾನ್ ಮಾರ್ಗಗಳು ಯು1 ಕೆಂಪು, ಯು2 ನೇರಳೆ, ಯು3 ಕಿತ್ತಳೆ, ಯು4 ಹಸಿರು, ಯು6 ಕಂದು. ಯು5 ಎಲ್ಲಿ ಅಂತ ಹುಡುಕಬೇಡಿ, ಅದನ್ನಿನ್ನೂ ಕಟ್ಟುತ್ತಿದ್ದಾರೆ. ಬೋರ್ಡಿನಲ್ಲಿ ಉತ್ತರ ದಕ್ಷಿಣ ಅಂತ ಇರುವುದಿಲ್ಲ, ಕೊನೆಯ ಸ್ಟೇಷನ್ನಿನ ಹೆಸರಿರುತ್ತದೆ. ಷೋನ್‌ಬ್ರುನ್ ಅರಮನೆಗೆ ಹೋಗಬೇಕಾದವರು ಯು4ರಲ್ಲಿ ಹ್ಯೂಟೆಲ್‌ಡಾರ್ಫ್ ಕಡೆಯ ಗಾಡಿ ಹತ್ತಬೇಕು, ಹೈಲಿಗೆನ್‌ಷ್ಟಾಟ್ ಅಂತಿದ್ದರೆ ಉಲ್ಟಾ ದಿಕ್ಕು. ಹೊರಡುವ ಮುಂಚೆ ಮಾರ್ಗದ ಎರಡೂ ತುದಿಯ ಹೆಸರು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು. ಬಾಗಿಲು ತಾನಾಗಿ ತೆರೆದೀತು ಅಂತ ಕಾಯುತ್ತಾ ನಿಂತರೆ ಗಾಡಿ ಹೊರಟೇ ಹೋಗುತ್ತದೆ. ಗುಂಡಿ ಇದ್ದರೆ ಒತ್ತಿ, ಹಿಡಿ ಇದ್ದರೆ ಎಳೆಯಿರಿ. ‘ಸುರ್ಯುಕ್‌ಬ್ಲೈಬೆನ್ ಬಿಟ್ಟೆ’ ಅಂತ ಕೇಳಿದರೆ ಹಿಂದೆ ನಿಲ್ಲಿ ಅಂತ ಅರ್ಥ. ಆಮೇಲೆ ಓಡಬೇಡಿ, ಹಗಲಲ್ಲಿ ಇನ್ನೊಂದು ಗಾಡಿ ಹಿಂದೆಯೇ ಬರುತ್ತದೆ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ. ದಂಪತಿ ಜೋಡಿಯಾಗಿ ನಿಂತರೆ ಹಿಂದಿನವರು ಗೊಣಗುವುದು ಗ್ಯಾರಂಟಿ.

ಯು4, ಯು6 ಹೋಗುವ ದಾರಿಯ ಬಹುಪಾಲು ಹಳೆಯದು, 1898ರಲ್ಲಿ ಶುರುವಾದ ಷ್ಟಾಟ್‌ಬಾನ್ ಅನ್ನುವ ನಗರ ರೈಲಿನದು. ವಾಸ್ತುಶಿಲ್ಪಿ ಓಟೊ ವಾಗ್ನರ್ ಅದರ ಸ್ಟೇಷನ್, ಸೇತುವೆ, ಕಂಬಿಗಳನ್ನೂ ತಾನೇ ವಿನ್ಯಾಸ ಮಾಡಿದ. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಮೇಲೆ ಬಂದು ಅವನ ಹಸಿರು ಚೌಕಟ್ಟಿನ, ಚಿನ್ನದ ಹೂಬಳ್ಳಿಯ ಮಂಟಪಗಳನ್ನು ನೋಡಿ, ಅದಕ್ಕೆ ಪ್ರತ್ಯೇಕ ಟಿಕೆಟ್ ಬೇಡ.

ಬುತ್ತಿ ವಿಷಯ. 2019ರ ಜನವರಿಯಿಂದ ಯು-ಬಾನ್ ಒಳಗೆ ತಿನ್ನುವ ಹಾಗಿಲ್ಲ. ಪುಳಿಯೋಗರೆ ಡಬ್ಬಿ ಬ್ಯಾಗಿನಲ್ಲಿರಲಿ, ಮುಚ್ಚಳ ತೆಗೆಯಬೇಡಿ. ದೂರದ ರೈಲಿನಲ್ಲಿ ಈ ತಕರಾರಿಲ್ಲ. ನೀರಿನ ಬಾಟಲಿ ಕೊಳ್ಳುವುದು ಸುಮ್ಮನೆ ಖರ್ಚು: ಆ ಊರಿನ ನಲ್ಲಿಗೆ ಆಲ್ಪ್ಸ್ ಬೆಟ್ಟದ ಊಟೆ ನೀರು 1873ರಿಂದ ಕೊಳವೆಯಲ್ಲಿ ಬರುತ್ತಿದೆ, ಹಿಡಿದು ಕುಡಿಯಿರಿ. ಕಾಫಿ ನಾಡಿನವರಿಗೆ ಒಂದು ಮಾತು, ಬರೀ ಕಾಫಿ ಅಂತ ಕೇಳಬೇಡಿ, ಮೆಲಾಂಜ್ ಅನ್ನಿ. ಹಾಲು ನೊರೆ ಸಮೇತ ಬರುತ್ತದೆ, ಪಕ್ಕಕ್ಕೆ ಒಂದು ಲೋಟ ನೀರು. ನಮ್ಮ ಚಿಕೋರಿ ಬೆರೆತ ಡಿಕಾಕ್ಷನ್ನಿನ ಕಡುಪು ನಿರೀಕ್ಷಿಸದಿದ್ದರೆ ಚೆನ್ನಾಗಿಯೇ ಇರುತ್ತದೆ. ಭಾನುವಾರ ಊರಿನ ಸೂಪರ್‌ಮಾರ್ಕೆಟ್ಟುಗಳೆಲ್ಲ ಬಂದ್. ಹಾಲು, ಮೊಸರು ತೀರಿದರೆ ಹೌಪ್ಟ್‌ಬಾನ್‌ಹೋಫ್ ಅಥವಾ ಪ್ರಾಟರ್‌ಷ್ಟೆರ್ನ್ ಸ್ಟೇಷನ್ನಿನ ಒಳಗಿನ ಅಂಗಡಿಗೆ ಹೋಗಿ, ಅವು ತೆರೆದಿರುತ್ತವೆ.

ಊರು ಕಣ್ಣಿಂದ ನೋಡಬೇಕಾದರೆ ಟ್ರಾಮೇ ಸರಿ. ರಿಂಗ್ ರಸ್ತೆಯ ಉದ್ದಕ್ಕೂ 1, 2, ಡಿ ನಂಬರಿನವು ಓಡುತ್ತವೆ. 2008ರ ನಂತರ ಯಾವ ಮಾಮೂಲಿ ಟ್ರಾಮೂ ರಿಂಗಿನ ಪೂರ್ತಿ ಸುತ್ತು ಹಾಕುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕು. 71 ನಂಬರಿನ ಟ್ರಾಮ್ ಊರಿನ ದೊಡ್ಡ ಸ್ಮಶಾನದ ದಾರಿಯದು. ಯಾರಾದರೂ ತೀರಿಕೊಂಡರೆ ಅಲ್ಲಿನವರು ‘71 ಹತ್ತಿದರು’ ಅನ್ನುತ್ತಾರೆ. ನೀವು ಹತ್ತಬಹುದು, ಬೀಟ್‌ಹೋವನ್ ಸಮಾಧಿ ಇರುವುದು ಅಲ್ಲೇ.

ಇನ್ನು ಹೌಪ್ಟ್‌ಬಾನ್‌ಹೋಫ್. ಹಳೆಯ ದಕ್ಷಿಣ ನಿಲ್ದಾಣ ಕೆಡವಿದ ಜಾಗದಲ್ಲಿ ಕಟ್ಟಿ 2014ರಲ್ಲಿ ಉದ್ಘಾಟಿಸಿದ್ದು. ಹಾಸನ ಜಂಕ್ಷನ್ನಿನಲ್ಲಿ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಪೋರ್ಟರನ್ನೋ ಚಹಾದವನನ್ನೋ ಕೇಳುತ್ತೇವಲ್ಲ, ಇಲ್ಲಿ ಆ ಕೆಲಸ ಅಕ್ಷರಗಳದ್ದು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎ, ಬಿ, ಸಿ ಅಂತ ಫಲಕ ತೂಗಿರುತ್ತದೆ. ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಅಂತ ಪರದೆಯಲ್ಲಿ ಚಿತ್ರ ಬರುತ್ತದೆ. ರೈಲು ಬರುವ ಮುಂಚೆಯೇ ಹೋಗಿ ನಿಲ್ಲಿ, ನಿಲುಗಡೆ ಕೆಲವೇ ನಿಮಿಷ. ಎರಡು ರೈಲ್‌ಜೆಟ್ ಒಂದಕ್ಕೊಂದು ಜೋಡಿಸಿ ಬಂದಾಗ ಒಳಗಿಂದ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿಯಿರುವುದಿಲ್ಲ. ಹಿಂದೆ ಬೆಂಗಳೂರಿನಿಂದ ಹಾಸನದ ಮೇಲೆ ಹೋಗುವ ರೈಲು ಮಂಗಳೂರಿನಲ್ಲಿ ಕಾರವಾರಕ್ಕೊಂದು, ಕಣ್ಣೂರಿಗೊಂದು ಅಂತ ಒಡೆಯುತ್ತಿತ್ತಲ್ಲ, ಅಲ್ಲಿನ ರಾತ್ರಿ ರೈಲು ನೈಟ್‌ಜೆಟ್ ಕೂಡ ಕೆಲವು ಮಾರ್ಗಗಳಲ್ಲಿ ಹಾಗೆಯೇ. ಮಲಗುವ ಮುಂಚೆ ಬೋಗಿಯ ಬಾಗಿಲ ಪಕ್ಕದ ಫಲಕದಲ್ಲಿ ನಿಮ್ಮ ಊರಿನ ಹೆಸರಿದೆಯೇ ನೋಡಿ.

ವೇಟಿಂಗ್ ಲಿಸ್ಟ್, ಆರ್‌ಎಸಿ ಅನ್ನುವ ತಲೆನೋವಿಲ್ಲ. ಹಗಲು ರೈಲಿಗೆ ಟಿಕೆಟ್ ಬೇರೆ, ಸೀಟು ಕಾಯ್ದಿರಿಸುವುದು ಬೇರೆ. ಸೀಟು ಬರೆಸದಿದ್ದರೂ ಹತ್ತಬಹುದು, ಆದರೆ ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ಊರುಗಳ ಹೆಸರು ಕಂಡರೆ ಆ ತುಂಡಿಗೆ ಅದು ಬೇರೆಯವರದು. ಶುಕ್ರವಾರ ಸಂಜೆ, ಭಾನುವಾರ ಸಂಜೆ ನಿಂತೇ ಹೋಗುವ ಪಾಡು ಬರುತ್ತದೆ, ಆಗ ಬರೆಸಿಬಿಡಿ. ಷ್ಪಾರ್‌ಷೀನೆ ಅನ್ನುವ ಅಗ್ಗದ ಟಿಕೆಟ್ ಆ ಒಂದೇ ರೈಲಿಗೆ. ನೀವು ತಡಮಾಡಿ ತಪ್ಪಿಸಿಕೊಂಡರೆ ದುಡ್ಡು ಹೋಯಿತು. ರೈಲ್ವೆಯ ತಪ್ಪಿನಿಂದ ತಲುಪುವುದು 60 ನಿಮಿಷ ತಡವಾದರೆ ದರದ 25 ಶೇಕಡಾ, 120 ನಿಮಿಷ ದಾಟಿದರೆ 50 ಶೇಕಡಾ ವಾಪಸು ಕೇಳುವ ಹಕ್ಕು ಯುರೋಪ್ ಒಕ್ಕೂಟದ ನಿಯಮದಲ್ಲಿದೆ. ಟಿಕೆಟ್ ಬಿಸಾಡಬೇಡಿ. ಷೀನೆನ್‌ಎರ್ಜಾಟ್ಸ್‌ಫೆರ್ಕೇರ್ ಅಂತ ಉದ್ದನೆಯ ಪದ ಕಂಡರೆ ಗಾಬರಿ ಬೇಡ. ಹಳಿ ರಿಪೇರಿ ಇದೆ, ಆ ತುಂಡಿಗೆ ಬಸ್ಸು ಬಿಟ್ಟಿದ್ದೇವೆ ಅಂತಷ್ಟೇ. ಸ್ಟೇಷನ್ ಹೊರಗಿನಿಂದ ಬಸ್ಸು ಹೊರಡುತ್ತದೆ, ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಪಕ್ಕದ ದೇಶದ ರಾಜಧಾನಿ ಬ್ರಾಟಿಸ್ಲಾವಾ ಒಂದೇ ಗಂಟೆ ದೂರ. ಅಲ್ಲಿಗೆ ಎರಡು ದಾರಿ, ಎರಡು ಸ್ಟೇಷನ್: ಹ್ಲಾವ್ನಾ ಸ್ಟಾನಿಟ್ಸಾ ಮುಖ್ಯ ನಿಲ್ದಾಣ, ಪೆಟ್ರ್‌ಜಾಲ್ಕಾ ಡ್ಯಾನ್ಯೂಬ್ ನದಿಯ ಆಚೆ ದಡದ್ದು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಕಾಯುತ್ತಾ ಕೂತವರಿದ್ದಾರೆ. ಗಡಿಯಲ್ಲಿ ರೈಲು ನಿಲ್ಲದಿದ್ದರೂ ಪಾಸ್‌ಪೋರ್ಟ್ ಜೊತೆಗಿರಬೇಕು, ಫೋಟೊ ಪ್ರತಿ ಸಾಲದು.

ಒಂದೇ ಒಂದು ದಿನ ಊರಾಚೆ ಹೋಗಲು ಸಾಧ್ಯವಿದ್ದರೆ ಹಾಸನದವರು ಬ್ರಾಟಿಸ್ಲಾವಾ ಬಿಟ್ಟು ಸೆಮ್ಮೆರಿಂಗ್‌ಗೆ ಹೋಗಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ 55 ಕಿಲೋಮೀಟರ್, 57 ಸುರಂಗ ನೋಡಿ ಬೆಳೆದ ಕಣ್ಣಿಗೆ ಅದು ದೂರದ ನೆಂಟನ ಹಾಗೆ ಕಾಣುತ್ತದೆ. ಎಂಜಿನಿಯರ್ ಕಾರ್ಲ್ ಫಾನ್ ಘೇಗಾ ಕಟ್ಟಿಸಿದ ಈ 41 ಕಿಲೋಮೀಟರ್ ಘಾಟಿ ಗ್ಲಾಗ್‌ನಿಟ್ಸ್‌ನಿಂದ ಮ್ಯೂರ್ತ್ಸ್‌ಸುಷ್ಲಾಗ್ ತನಕ. 1848ರಲ್ಲಿ ಕೆಲಸ ಹಿಡಿದು 1854ರಲ್ಲಿ ಮುಗಿಸಿದರು. ಡೈನಮೈಟ್ ಇನ್ನೂ ಹುಟ್ಟಿರದ ಕಾಲ, ಬಂಡೆ ಸೀಳಿದ್ದು ಕರಿಮದ್ದು ಮತ್ತು ಕೈ. ನಮ್ಮ ಘಾಟಿಯ ಏರು 50ಕ್ಕೆ 1, ಅವರದು 40ಕ್ಕೆ 1ಕ್ಕೂ ಕಡಿದು. ಭಾರದ ಗೂಡ್ಸಿಗೆ ಹೆಚ್ಚುವರಿ ಎಂಜಿನ್ ಕಟ್ಟುವ ಕಥೆ ಎರಡೂ ಕಡೆ ಒಂದೇ. ಒಂದು ವ್ಯತ್ಯಾಸ, ನಮ್ಮದು ಸುರಂಗದ ಘಾಟಿ, ಅವರದು ಕಮಾನು ಸೇತುವೆಗಳ ಘಾಟಿ. ಯುನೆಸ್ಕೊ ಸೆಮ್ಮೆರಿಂಗ್ ಘಾಟಿಯನ್ನು 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೌಪ್ಟ್‌ಬಾನ್‌ಹೋಫಿನಿಂದ ಗ್ರಾಟ್ಸ್ ಕಡೆಯ ರೈಲು ಹಿಡಿಯಿರಿ, ಒಂದೂಕಾಲು ಗಂಟೆಯ ಆಸುಪಾಸು. ಎಲ್ಲ ರೈಲ್‌ಜೆಟ್ಟೂ ಸೆಮ್ಮೆರಿಂಗಿನಲ್ಲಿ ನಿಲ್ಲುವುದಿಲ್ಲ, ರೈಲ್ವೆಯ ಸ್ಕಾಟಿ ಆ್ಯಪ್‌ನಲ್ಲಿ ನೋಡಿಯೇ ಹತ್ತಿ. ನಗರ ವಲಯದ ಟಿಕೆಟ್ ಇಲ್ಲಿಗೂ ಸಾಲದು. ಸೆಮ್ಮೆರಿಂಗ್ ಸ್ಟೇಷನ್ನಿನಿಂದ ಬ್ರೈಟೆನ್‌ಷ್ಟೈನ್ ಕಡೆಗೆ ಹಳಿಯ ಬಳಿಯ ಗುಡ್ಡಗಳಲ್ಲಿ ಕಾಲುದಾರಿ ಇಳಿಯುತ್ತದೆ, ನಡುನಡುವೆ ದಾರಿ ಫಲಕಗಳಿವೆ. ದೋಣಿಗಲ್ಲಿನಿಂದ ಯಡಕುಮರಿಗೆ ಹಳಿ ಮೇಲೆಯೇ ನಡೆಯುವ ನಮ್ಮ ಹುಡುಗರ ಹುಚ್ಚು ಇಲ್ಲಿ ಬೇಡ, ದಾರಿ ಹಳಿಯಿಂದ ದೂರದಲ್ಲೇ ಹೋಗುತ್ತದೆ. ನಡುವೆ 20 ಶಿಲ್ಲಿಂಗ್ ನೋಟ ಅನ್ನುವ ಜಾಗವಿದೆ. ಯೂರೊ ಬರುವ ಮುಂಚಿನ 20 ಶಿಲ್ಲಿಂಗ್ ನೋಟಿನ ಮೇಲಿದ್ದ ಚಿತ್ರ ಅಲ್ಲಿಂದ ಕಾಣುವ ಘಾಟಿಯದೇ. ಮುಂದೆ ಕಾಲ್ಟೆ ರಿನ್ನೆ ಸೇತುವೆ: ಕಮಾನಿನ ಮೇಲೆ ಕಮಾನು, ಎರಡಂತಸ್ತು, 184 ಮೀಟರ್ ಉದ್ದ, 46 ಮೀಟರ್ ಎತ್ತರ. ಬಿಲ್ಲಿನಂತೆ ಬಾಗಿರುವುದರಿಂದ ಮೇಲೆ ಹೋಗುವ ರೈಲಿನ ತಲೆ, ಬಾಲ ಒಟ್ಟಿಗೆ ಕಾಣುತ್ತವೆ.

ನಿಲ್ಲುತ್ತಾ ನೋಡುತ್ತಾ ಹೋದರೆ ಮೂರು ಗಂಟೆಯ ಮೇಲೆಯೇ ಬೇಕು. ಮಂಡಿನೋವಿದ್ದವರು ಇಳಿಜಾರು ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ, ನಡುವೆ ಏರೂ ಇದೆ. ಚಳಿಗಾಲದಲ್ಲಿ ದಾರಿ ಮಂಜಿನಡಿ ಹೋಗುತ್ತದೆ, ಮೇ ತಿಂಗಳಿನಿಂದ ಅಕ್ಟೋಬರ್ ಒಳಗೆ ಹೋಗಿ. ಬ್ರೈಟೆನ್‌ಷ್ಟೈನ್ ಸಣ್ಣ ಸ್ಟೇಷನ್, ಅಲ್ಲಿ ನಿಲ್ಲುವುದು ಲೋಕಲ್ ಮಾತ್ರ. ವಾಪಸು ಟಿಕೆಟ್ ಬೆಳಿಗ್ಗೆಯೇ ತೆಗೆದಿಟ್ಟುಕೊಂಡು, ಅಲ್ಲಿಂದ ಹೊರಡುವ ಗಾಡಿಗಳ ಸಮಯವನ್ನೂ ಅದೇ ಚೀಟಿಯಲ್ಲಿ ಬರೆದುಕೊಂಡು ಹೊರಡಿ.