ಟರ್ಬೊಗೂ ಒಂದು ಕೋಡಿ ಬೇಕು

ದೀಪಾವಳಿಗೆ ಹುಬ್ಬಳ್ಳಿಗೆ ಬಂದಾಗ ಸೋದರಮಾವನ ಮಗ ಬಾನೆಟ್ ಎತ್ತಿಸಿ ಕೇಳಿದ: "ಎಷ್ಟು ಬೂಸ್ಟ್ ಇಟ್ಟೀಯೋ?" ಅಂದರೆ ಟರ್ಬೊ ಇಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತದೆ ಅಂತ. ನಾನು "ಎಲ್ಲಿ? ಪುಣೆಯಲ್ಲೋ, ಮಹಾಬಳೇಶ್ವರದಲ್ಲೋ?" ಅಂದೆ. ತಮಾಷೆ ಅಂದುಕೊಂಡು ನಕ್ಕ. ಹೋದ ವರ್ಷ ಯಾರಾದರೂ ಹಾಗೆ ಕೇಳಿದ್ದರೆ ನಾನೂ ನಗ್ತಿದ್ದೆ.

ನನ್ನದು ಹಳೇ ಸ್ಕೋಡಾ ಲಾರಾ, 1.8 ಟಿಎಸ್‌ಐ ಪೆಟ್ರೋಲ್. ಕಂಪನಿಯಿಂದ ಬಂದಾಗ 160 ಪಿಎಸ್ ಶಕ್ತಿ. ಚಾಕಣದ ಕೆಲಸಕ್ಕೆ ಪುಣೆಗೆ ಬಂದ ಮೂರನೇ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಿಂದಿನ ಮಾಲೀಕ ಆಗಲೇ ದೊಡ್ಡ ಟರ್ಬೊ, ಒತ್ತಿದ ಗಾಳಿಯನ್ನು ತಂಪು ಮಾಡುವ ದೊಡ್ಡ ಇಂಟರ್‌ಕೂಲರ್ ಹಾಕಿಸಿದ್ದ. ಬೂಸ್ಟ್ ಹಿಡಿತದಲ್ಲಿಡುವ ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಟ್ಟಿದ್ದ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ನಮ್ಮೂರ ಕೆರೆಯನ್ನೇ ನೆನೆಸಿಕೊಳ್ಳಿ. ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಹರಿದು ಹೋಗುತ್ತದೆ, ಏರಿ ಉಳಿಯುತ್ತದೆ. ಟರ್ಬೊಗೆ ವೇಸ್ಟ್‌ಗೇಟೇ ಕೋಡಿ. ಇಂಜಿನ್ನಿನ ಹೊಗೆ ಟರ್ಬೈನ್ ತಿರುಗಿಸುತ್ತದೆ, ಅದರ ಜೊತೆ ತಿರುಗುವ ಆ ಕಡೆಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಒತ್ತಡ ಸಾಕಾದಾಗ ವೇಸ್ಟ್‌ಗೇಟ್ ತೆರೆದು ಉಳಿದ ಹೊಗೆಯನ್ನು ಪಕ್ಕದಿಂದ ಕಳಿಸುತ್ತದೆ. ಅದನ್ನು ತೆರೆಯುವುದು ಆಕ್ಚುಯೇಟರ್. ಒಳಗೆ ಒಂದು ಸ್ಪ್ರಿಂಗ್, ಗಾಳಿ ಒತ್ತಿದರೆ ಬಾಗುವ ತೆಳು ಪೊರೆಯಂಥ ಒಂದು ಡಯಾಫ್ರಾಮ್. ಸ್ಪ್ರಿಂಗ್ ಎಷ್ಟು ಗಟ್ಟಿಯೋ ಅದೇ ನಿಮ್ಮ ಕನಿಷ್ಠ ಬೂಸ್ಟ್. ಯಾವ ಕಂಟ್ರೋಲರ್ ಹಾಕಿದರೂ ಅದಕ್ಕಿಂತ ಕಡಿಮೆ ಮಾಡೋಕೆ ಆಗಲ್ಲ, ಜಾಸ್ತಿ ಮಾತ್ರ ಮಾಡಬಹುದು. ಇನ್ನು ಕೋಡಿಯೇ ಚಿಕ್ಕದಾದರೆ? ಗೇಟ್ ಪೂರ್ತಿ ತೆರೆದಿದ್ದರೂ ಬೂಸ್ಟ್ ಏರುತ್ತಲೇ ಹೋಗುತ್ತದೆ. ಆಗ ಕಂಟ್ರೋಲರ್ ಬದಲಿಸಿ ಏನೂ ಉಪಯೋಗವಿಲ್ಲ, ಗೇಟೇ ದೊಡ್ಡದಾಗಬೇಕು.

ಮೊದಲು ಹೋದ ಗ್ಯಾರೇಜಿನವರು ಹಿತ್ತಾಳೆಯ ಮ್ಯಾನುವಲ್ ಕಂಟ್ರೋಲರ್ ಹಾಕಿಕೊಟ್ಟರು. ಒಳಗೊಂದು ಗುಂಡು, ಅದರ ಹಿಂದೆ ಸ್ಪ್ರಿಂಗ್, ಮೇಲೆ ತಿರುಪು. ತಿರುಗಿಸಿದಷ್ಟೂ ಆಕ್ಚುಯೇಟರಿಗೆ ಗಾಳಿ ತಡವಾಗಿ ಮುಟ್ಟುತ್ತದೆ, ಬೂಸ್ಟ್ ಏರುತ್ತದೆ. ಹೆಂಡತಿಗೆ ಲೆಕ್ಕ ಹೇಳದೆ ತರಬಹುದಾದಷ್ಟು ಅಗ್ಗ. ಮೊದಲ ವಾರ ಗಾಡಿ ಹಾರಿತು ಅಂತಲೇ ಹೇಳಬೇಕು.

ಡಿಸೆಂಬರಿನ ಒಂದು ರಾತ್ರಿ ಊರಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಲಾರಿಯೊಂದನ್ನು ದಾಟಲು ಕಾಲು ಒತ್ತಿದೆ. ಬೂಸ್ಟ್ ಗೇಜಿನ ಮುಳ್ಳು 1 ಬಾರ್ (ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯ ಒತ್ತಡದಷ್ಟು) ಹತ್ತಿರ ನಿಲ್ಲಬೇಕಾದ್ದು ಒಂದೂವರೆಗೆ ಜಿಗಿಯಿತು. ಇಂಜಿನ್ನಿನ ತೊಂದರೆ ತೋರಿಸುವ ಇಪಿಸಿ ದೀಪ ಹತ್ತಿಕೊಂಡಿತು, ಗಾಡಿಯ ದಮ್ಮೇ ಹೋಯಿತು. ಪಕ್ಕದಲ್ಲಿ ಲಾರಿ, ಹಿಂದೆ ಬಸ್ಸಿನ ಹಾರ್ನ್. "ನಿಲ್ಲಸ್ರೀ" ಅಂತ ಇವಳು. ಎಲ್ಲಿ ನಿಲ್ಲಿಸೋದು?

ವಾಪಸ್ ಬಂದಮೇಲೆ ಭೋಸರಿಯ ಕಡೆ ಗೋಕಾಕದ ಕಾಕಾ ಒಬ್ಬರಿದ್ದಾರೆ ಅಂತ ಕನ್ನಡ ಬಳಗದ ಗೆಳೆಯರು ಕಳಿಸಿದರು. ಶೆಡ್ಡಿನಲ್ಲಿ ಹುಡುಗರ ಜೊತೆ ಮರಾಠಿ, ಇಂಜಿನ್ ಜೊತೆ ಕನ್ನಡ. ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಹಿತ್ತಾಳೆಯದನ್ನು ಬಿಚ್ಚಿ ಅಂಗೈ ಮೇಲೆ ತಟ್ಟಿದರು. ಗುಂಡು ಬೀಳಲಿಲ್ಲ. ಎರಡನೇ ಸಲ ತಟ್ಟಿದಾಗ ಕಾಳುಮೆಣಸಿನಷ್ಟು ದಪ್ಪದ ಗುಂಡು ಕಪ್ಪು ಎಣ್ಣೆ ಮೆತ್ತಿಕೊಂಡು ಜಾರಿತು. "ನೋಡ್ರಿ, ಇಂಜಿನ್ ಎಣ್ಣಿ ಹಬಿ ಇದರಾಗ ಕುಂತೈತಿ. ಥಂಡ್ಯಾಗ ಗುಂಡ ಅಂಟ್ಕೊತೈತಿ. ಗೇಟಿಗೆ ಸುದ್ದಿ ಮುಟ್ಟೂದ್ರಾಗ ನಿಮ್ಮ ಬೂಸ್ಟ್ ಮ್ಯಾಲ ಹೋಗಿರ್ತೈತಿ." ಆಮೇಲೆ ಕೈಪಂಪಿನಿಂದ ಆಕ್ಚುಯೇಟರಿಗೆ ಗಾಳಿ ಕೊಟ್ಟರು. ಅರ್ಧ ಬಾರ್ ಆಗುವಷ್ಟರಲ್ಲಿ ಗೇಟ್ ತೆರೆಯುವ ರಾಡ್ ಅಲುಗಿತು. ಅಂದರೆ ಸ್ಪ್ರಿಂಗೂ ಮೆತ್ತಗೆ. ಅರ್ಧ ಬಾರಿನ ಸ್ಪ್ರಿಂಗಿನಿಂದ 1 ಬಾರಿಗಿಂತ ಮೇಲೆ ಎಳೆಸಿದರೆ ಹಿಡಿತ ಸಡಿಲವಾಗುತ್ತದೆ, ಹೊಗೆಯ ಒತ್ತಡವೇ ಗೇಟನ್ನು ತಳ್ಳಿಬಿಡುತ್ತದೆ.

ನನ್ನ ಮನಸ್ಸಿದ್ದದ್ದು ಪರದೆ ಇರುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಮೇಲೆ. ಡ್ಯಾಶ್‌ಬೋರ್ಡ್ ಮೇಲೆ ಚಂದ ಕಾಣುತ್ತೆ ಅಲ್ವಾ! ಕಾಕಾ ಒಪ್ಪಲಿಲ್ಲ. ಲಾರಾದಲ್ಲಿ ಎನ್75 ಅಂತ ಕಂಪನಿಯದೇ ಸೊಲೆನಾಯ್ಡ್ ವಾಲ್ವ್ ಇದೆ, ಆಕ್ಚುಯೇಟರಿಗೆ ಹೋಗುವ ಗಾಳಿಯನ್ನು ಕರೆಂಟಿನಿಂದ ಹಿಡಿಯುವಂಥದ್ದು. ಅದನ್ನು ಆಡಿಸುವುದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಅದರ ಮೇಲೆ ಇನ್ನೊಂದು ಪೆಟ್ಟಿಗೆ ಕೂರಿಸಿದರೆ "ಒಂದ ಮನಿಗೆ ಇಬ್ಬರ ಯಜಮಾನ್ರು". ಬೂಸ್ಟ್ ಅಂದರೇನು ಅಂತ ಇಸಿಯುಗೆ ಗೊತ್ತೇ ಇಲ್ಲದ ಹಳೇ ಗಾಡಿಗೆ ಅಂಥ ಕಂಟ್ರೋಲರ್ ಸರಿ. ಒಂದೇ ಟ್ರ್ಯಾಕಿನಲ್ಲಿ, ಒಂದೇ ಪೆಟ್ರೋಲಿನಲ್ಲಿ ಓಡುವ ಗಾಡಿಗೆ ಹಿತ್ತಾಳೆಯದೂ ನಡೆಯುತ್ತದೆ, ಆಗಾಗ ಬಿಚ್ಚಿ ತೊಳೆದರೆ. ನನ್ನದು ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲೂ ಓಡಬೇಕು. ಹೆಚ್ಚು ಆಕ್ಟೇನಿನ ಪೆಟ್ರೋಲ್ ಸಿಗದ ಊರಲ್ಲಿ ಸಾದಾ ಪೆಟ್ರೋಲ್ ಕುಡಿದೂ ಓಡಬೇಕು. ಒಳಗೆ ಹೋಗುವ ಗಾಳಿ ಕಾದಿದೆ, ಇಂಜಿನ್ ನಾಕ್ ಆಗ್ತಿದೆ (ಒಳಗೆ ಪೆಟ್ರೋಲ್ ತಾನಾಗೇ ಸಿಡಿದು ಬಡಿಯುತ್ತಿದೆ) ಅಂತ ಇಸಿಯುಗೆ ಸೆನ್ಸರುಗಳಿಂದ ತಿಳಿಯುತ್ತದೆ. ಹಿತ್ತಾಳೆಯ ಗುಂಡಿಗೆ ಏನು ತಿಳಿದೀತು?

ಕೊನೆಗೆ ಮಾಡಿದ್ದು ಇಷ್ಟೇ. 0.7 ಬಾರ್ ಸ್ಪ್ರಿಂಗಿನ ಆಕ್ಚುಯೇಟರ್, ಹೊಸ ಎನ್75, ಹೊಸ ಹೋಸುಗಳು, ಅದಕ್ಕೆ ತಕ್ಕಂತೆ ಇಸಿಯು ಮ್ಯಾಪ್, ಅಂದರೆ ಯಾವಾಗ ಎಷ್ಟು ಬೂಸ್ಟ್ ಅಂತ ಇಸಿಯುನಲ್ಲಿ ಬರೆದಿಡುವ ಲೆಕ್ಕ. ವಾಲ್ವಿನ ವೈರ್ ಕಿತ್ತುಹೋದರೂ ಬೂಸ್ಟ್ 0.7ಕ್ಕೆ ಇಳಿಯುತ್ತದೆ, ಏರುವುದಿಲ್ಲ. ಇದನ್ನು ಕಾಕಾ ಕನೆಕ್ಟರ್ ತೆಗೆಸಿ, ರಸ್ತೆಯಲ್ಲಿ ಓಡಿಸಿ ತೋರಿಸಿದರು.

ಇನ್ನು ಮಹಾಬಳೇಶ್ವರದ ಮಾತು. ಮುಂಬೈ ಸಮುದ್ರದ ಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರ್ ಎತ್ತರ, ಮಹಾಬಳೇಶ್ವರ ಸುಮಾರು 1,350. ಮೇಲೆ ಹೋದಷ್ಟೂ ಗಾಳಿ ತೆಳು. ಮುಂಬೈಯಲ್ಲಿ ಹೊರಗಿನ ಗಾಳಿಯೇ 1 ಬಾರ್ ಇದ್ದರೆ ಮಹಾಬಳೇಶ್ವರದಲ್ಲಿ 0.86ರ ಹತ್ತಿರ. ಇಸಿಯು ಒಳಗಿನ ಒಟ್ಟು ಒತ್ತಡ 2 ಬಾರ್ ಬೇಕೆಂದು ಹಟ ಹಿಡಿದರೆ ಮುಂಬೈಯಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ಮಹಾಬಳೇಶ್ವರದಲ್ಲಿ 2.3 ಪಟ್ಟು ಒತ್ತಬೇಕು. ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಕಾಯುತ್ತದೆ. ಗೇಜಿನಲ್ಲಿ ಮಾತ್ರ ಹೊರಗಿನ ಗಾಳಿಯ ಒತ್ತಡ ಕಳೆದು 1.14 ಅಷ್ಟೇ ಕಾಣುತ್ತದೆ. ಅದಕ್ಕೇ ಎತ್ತರದಲ್ಲಿ ಗುರಿಯನ್ನೇ ಸ್ವಲ್ಪ ಇಳಿಸುವಂತೆ ಮ್ಯಾಪಿನಲ್ಲಿ ಬರೆಸಿದ್ದೇವೆ.

ಊರಲ್ಲಿ ಯಾರಾದರೂ ಈ ದಾರಿ ಹಿಡಿಯುವುದಿದ್ದರೆ ಮೊದಲು ವಿಮೆ ಕಂಪನಿ, ಆರ್‌ಟಿಓ ಎರಡೂ ಕಡೆ ಕೇಳಿಕೊಳ್ಳಿ. ಕಂಪನಿಯ ಮೂಲ ವಿವರದಿಂದ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ನಾನಿದನ್ನು ತಡವಾಗಿ ಓದಿದೆ.

ಮಾವನ ಮಗನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಅವನು ಫೋನ್ ನೋಡುತ್ತಿದ್ದ. ಮರುದಿನ ಹೊರಡುವಾಗ ಸಂಕೇಶ್ವರದಿಂದ ಗೋಕಾಕಕ್ಕೆ ಹೊರಳಿ ಎರಡು ಕಿಲೋ ಕರದಂಟು ಕಟ್ಟಿಸಿಕೊಂಡೆ. ಕಾಕಾ ಮಜೂರಿ ಹೇಳುವಾಗಲೇ ಇದನ್ನೂ ಸೇರಿಸಿ ಹೇಳಿದ್ದರು.