ಈ 126 ಜನ ಯಾರು ಮಾರಾಯ?

ಫೋನು ಬಂದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ನಿಂತಿದ್ದೆ. ಆ ಕಡೆ ನಮ್ಮ ಕ್ಲೈಂಟು. ಉಡುಪಿ ಕಡೆಯವರು, ನಿವೃತ್ತ ಶಿಕ್ಷಕಿ, ಈಗ ಅಡುಗೆ ಬಗ್ಗೆ ಬರೆಯುತ್ತಾರೆ. ಅವರ ಊರಲ್ಲಿ ಎಲ್ಲರೂ ಕರೆಯುವ ಹಾಗೆ ನಾವೂ ಟೀಚರ್ ಅಂತಲೇ ಕರೆಯುತ್ತೇವೆ.

"ಗೂಗಲಲ್ಲಿ ನನ್ನ ಕೊಟ್ಟೆ ಕಡುಬು ಬಂತು. ಫೋಟೋನೂ ಬಂತು. ಅದರ ಕೆಳಗೆ 4.8 ಸ್ಟಾರ್, ಪಕ್ಕದಲ್ಲಿ 126 ಅಂತ ಉಂಟು. ಈ 126 ಜನ ಯಾರು ಮಾರಾಯ?"

"ಅದು ರೇಟಿಂಗು ಟೀಚರ್."

"ಗೊತ್ತಾಯ್ತು. ಕೊಟ್ಟದ್ದು ಯಾರು? ನನ್ನ ಪೇಜಲ್ಲಿ ಸ್ಟಾರ್ ಕೊಡುವ ಜಾಗವೇ ಇಲ್ಲ ಅಲ್ವಾ?"

ಏನು ಹೇಳುವುದು ಅಂತ ತೋಚಲಿಲ್ಲ. ಆ 126 ಜನರನ್ನು ಹುಟ್ಟಿಸಿದ್ದು ನಾನೇ.

ಹೇಗೆ ಅಂತ ಹೇಳುತ್ತೇನೆ. ನನ್ನ ಕೆಲಸ ವೆಬ್‌ಸೈಟುಗಳು ಸರ್ಚಿನಲ್ಲಿ ಸರಿಯಾಗಿ ಕಾಣುವ ಹಾಗೆ ಮಾಡುವುದು. ನೀವು ಒಂದು ಅಡುಗೆ ಹುಡುಕಿದಾಗ ಕೆಲವು ಸೈಟಿಗೆ ಬರೀ ಒಂದು ನೀಲಿ ಸಾಲು, ಎರಡು ಸಾಲು ವಿವರಣೆ ಬರುತ್ತದೆ. ಇನ್ನು ಕೆಲವಕ್ಕೆ ಫೋಟೋ, ಸ್ಟಾರ್, ಎಷ್ಟು ನಿಮಿಷ ಬೇಕು ಎನ್ನುವುದೂ ಬರುತ್ತದೆ. ಈ ಎರಡನೆಯದಕ್ಕೆ ನಮ್ಮವರು ರಿಚ್ ರಿಸಲ್ಟ್ ಅನ್ನುತ್ತಾರೆ. ಅದು ಬರಬೇಕಾದರೆ ಪೇಜಿನ ಒಳಗೆ, ಓದುವವರ ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಸಣ್ಣ ಕೋಡು ಇರಬೇಕು. ಇದು ಅಡುಗೆ, ಇದರ ಹೆಸರು ಇದು, ಫೋಟೋ ಇಲ್ಲಿದೆ, ಬೇಯಲು ಇಷ್ಟು ಹೊತ್ತು, ಹೀಗೆ ಒಂದೊಂದನ್ನೂ ಹೆಸರು ಹಿಡಿದು ಹೇಳುವ ಕೋಡು. ಆಫೀಸಿನಲ್ಲಿ ಸುಮ್ನೆ ಸ್ಕೀಮಾ ಅನ್ನುತ್ತೇವೆ. ಗೂಗಲ್, ಬಿಂಗ್, ಯಾಹೂ ಮೂರೂ ಸೇರಿ 2011ರಲ್ಲಿ ಸ್ಕೀಮಾ ಡಾಟ್ ಆರ್ಗ್ ಅಂತ ಈ ಹೆಸರುಗಳ ಪಟ್ಟಿಯನ್ನು ಶುರು ಮಾಡಿದವು. ಅದೇ ವರ್ಷ ರಷ್ಯಾದ ಸರ್ಚ್ ಕಂಪನಿ ಯಾಂಡೆಕ್ಸ್ ಕೂಡ ಸೇರಿಕೊಂಡಿತು. ಹೆಸರು ಬಂದದ್ದು ಅಲ್ಲಿಂದ.

ನಾನು ಅಡುಗೆ ಸೈಟುಗಳಿಗೆ ಅಂತ ಈ ಕೋಡಿನ ಒಂದು ಟೆಂಪ್ಲೇಟು, ಅಂದರೆ ಸಿದ್ಧ ಅಚ್ಚು, ಇಟ್ಟುಕೊಂಡಿದ್ದೆ. ಪರೀಕ್ಷೆ ಮಾಡಿ ನೋಡಲು ಅದರಲ್ಲಿ 4.8, 126 ಅಂತ ತುಂಬಿಸಿದ್ದೆ. ತಯಾರಿಗೆ 10 ನಿಮಿಷ, ಬೇಯಲು 20 ನಿಮಿಷ ಅಂತಲೂ ಇತ್ತು. ಟೀಚರ್ ಸೈಟಿಗೆ ಹಾಕುವಾಗ ಹೆಸರು, ಫೋಟೋ, ಸಾಮಾನಿನ ಪಟ್ಟಿ ಪೇಜಿನಿಂದ ತಾನಾಗಿ ಬರುವ ಹಾಗೆ ಮಾಡಿದೆ. ಉಳಿದದ್ದು ಹಾಗೇ ಉಳಿಯಿತು. ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟಿನಲ್ಲಿ ಹಾಕಿ ನೋಡಿದೆ. ಹಸಿರು ಟಿಕ್ ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ನಾನು ಎಡವಿದ್ದು ಇಲ್ಲೇ. ಆ ಹಸಿರು ಟಿಕ್ ಹೇಳುವುದು ಇಷ್ಟೇ: ಕೋಡಿನಲ್ಲಿ ತಪ್ಪಿಲ್ಲ, ಬೇಕೇಬೇಕಾದ ಅಂಶಗಳು ಇವೆ, ಈ ಪೇಜಿಗೆ ರಿಚ್ ರಿಸಲ್ಟ್ ಸಿಗಲು ಅರ್ಹತೆ ಇದೆ. ಅಡುಗೆಗಾದರೆ ಬೇಕೇಬೇಕಾದದ್ದು ಎರಡೇ, ಹೆಸರು ಮತ್ತು ಫೋಟೋ. ಉಳಿದದ್ದೆಲ್ಲ ಇದ್ದರೆ ಒಳ್ಳೆಯದು ಎನ್ನುವ ಲೆಕ್ಕ. 126 ಜನ ನಿಜವಾಗಿ ಇದ್ದಾರಾ ಅಂತ ಆ ಟೆಸ್ಟು ನೋಡುವುದೇ ಇಲ್ಲ. ಅದನ್ನು ನೋಡಬೇಕಾದವನು ನಾನು.

ಟೀಚರ್ ಅಷ್ಟಕ್ಕೆ ಬಿಡಲಿಲ್ಲ. "30 ನಿಮಿಷ ಅಂತ ಬೇರೆ ಬರೆದಿದೆ. ಕೊಟ್ಟೆ ಕಡುಬು ಅರ್ಧ ಗಂಟೆಯಲ್ಲಿ ಯಾರ ಮನೆಯಲ್ಲಿ ಆಗ್ತದೆ?"

ಹೌದಲ್ಲ. ಉದ್ದು ನಾಲ್ಕು ಗಂಟೆ ನೆನೆಯಬೇಕು. ರುಬ್ಬಿ ಅಕ್ಕಿ ತರಿ ಸೇರಿಸಿ ರಾತ್ರಿಯಿಡೀ ಹುದುಗಲು ಬಿಡಬೇಕು. ಬೆಳಗ್ಗೆ ನಾಲ್ಕು ಹಲಸಿನ ಎಲೆ ಜೋಡಿಸಿ, ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಬೇಕು. ಆಮೇಲೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಬೇಕು. ಅವರ ಪೇಜಿನಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ಸುಳ್ಳು ಇದ್ದದ್ದು ನಾನು ಬರೆದ, ಯಾರಿಗೂ ಕಾಣದ ಆ ಕೋಡಿನಲ್ಲಿ. ಸರ್ಚಿನಲ್ಲಿ ಅವರ ಹೆಸರಿನ ಕೆಳಗೆ ಕಂಡದ್ದು ಮಾತ್ರ ಆ ಸುಳ್ಳೇ. ಇವತ್ತೇ ತಿಂಡಿಗೆ ಮಾಡೋಣ ಅಂತ ಬೆಳಗ್ಗೆ ಏಳಕ್ಕೆ ಪೇಜು ತೆರೆದವರು ಏನು ಅಂದುಕೊಂಡಿರಬೇಕು? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರ ಮಾತಿನ ಮೇಲೆ ನಾನು ಅನುಮಾನ ಬರುವ ಹಾಗೆ ಮಾಡಿದ್ದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ರೇಟಿಂಗಿನ ಸಾಲು ಪೂರ್ತಿ ತೆಗೆದೆ. ಸಮಯವನ್ನು ಒಂದೊಂದು ಅಡುಗೆಗೂ ಟೀಚರ್ ಹತ್ತಿರವೇ ಕೇಳಿ ತುಂಬಿಸಿದೆ. ಕೋಡಿನಲ್ಲಿ ಅರ್ಧ ಗಂಟೆಯನ್ನು ಪಿಟಿ30ಎಂ ಅಂತ ಬರೆಯುತ್ತಾರೆ. ಕೊಟ್ಟೆ ಕಡುಬಿಗೆ ಒಟ್ಟು ಸಮಯ ಪಿಟಿ14ಎಚ್ ಆಯಿತು. ಸರ್ಚಿನಲ್ಲಿ 14 ಗಂಟೆ ಅಂತ ಕಂಡರೆ ಯಾರು ಕ್ಲಿಕ್ ಮಾಡುತ್ತಾರೆ ಅಂತ ನಮ್ಮ ಟೀಮಿನ ಹುಡುಗನೊಬ್ಬ ಕೇಳಿದ. ಮಾಡುವವರು ಮಾಡುತ್ತಾರೆ ಅಂದೆ. ಕ್ಲಿಕ್ಕು ಸ್ವಲ್ಪ ಇಳಿಯಿತು, ನಿಜ. ಬಂದವರು ಮಾತ್ರ ಮೊದಲಿಗಿಂತ ಜಾಸ್ತಿ ಹೊತ್ತು ಪೇಜಿನಲ್ಲಿ ಉಳಿಯತೊಡಗಿದರು.

ನಾನು ಬಚಾವಾದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು. ಅದೇ ಟೆಂಪ್ಲೇಟನ್ನು ಇನ್ನೊಂದು ಸೈಟಿಗೂ ಹಾಕಿದ್ದೆ. ಅಲ್ಲಿ ಕೇಳುವ ಟೀಚರ್ ಇರಲಿಲ್ಲ. ಒಂದು ಸೋಮವಾರ ಸರ್ಚ್ ಕನ್ಸೋಲಿನಲ್ಲಿ, ಅಂದರೆ ಸೈಟಿನವರಿಗೆ ಗೂಗಲ್ ವರದಿ ಕೊಡುವ ಜಾಗದಲ್ಲಿ, ಮ್ಯಾನ್ಯುಯಲ್ ಆಕ್ಷನ್ ನೋಟಿಸು ಕೂತಿತ್ತು. ಅಂದರೆ ಗೂಗಲ್‌ನ ಮನುಷ್ಯರೇ ಪೇಜು ನೋಡಿ, ಇಲ್ಲಿನ ಸ್ಕೀಮಾ ಕೋಡು ನಂಬುವ ಹಾಗಿಲ್ಲ ಅಂತ ತೀರ್ಮಾನ ಮಾಡಿದ್ದರು. ಇಂಥ ನೋಟಿಸು ಬಂದರೆ ಸರ್ಚಿನಲ್ಲಿ ನಿಮ್ಮ ಸ್ಥಾನ ಕೆಳಗಿಳಿಯುವುದಿಲ್ಲ. ಆದರೆ ಸ್ಟಾರ್, ಫೋಟೋ, ಸಮಯ ಯಾವುದೂ ಬರುವುದಿಲ್ಲ. ನಿಜವಾದದ್ದೂ ಸುಳ್ಳಿನ ಜೊತೆಗೇ ಹೋಗುತ್ತದೆ. ಎಲ್ಲ ಪೇಜೂ ಸರಿ ಮಾಡಿ, ಏನು ತಪ್ಪಾಗಿತ್ತು, ಏನು ತೆಗೆದೆವು ಅಂತ ಬರೆದು, ಮತ್ತೆ ನೋಡಿ ಅಂತ ಅರ್ಜಿ ಹಾಕಿ ಕಾದೆವು. ಕ್ಲೈಂಟಿನ ಎದುರು ಕೂತು ಇದು ನನ್ನ ತಪ್ಪು ಅಂತ ಹೇಳಿದೆ. ಹೇಳಲೇಬೇಕಿತ್ತು.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ, "ಕೋಡು ಸರಿ ಇದೆ, ಯಾಕೆ ತೋರಿಸ್ತಾ ಇಲ್ಲ?" ಅಂತ. ತೋರಿಸುವುದು, ಬಿಡುವುದು ಗೂಗಲ್‌ನವರ ಇಷ್ಟ. ಕೋಡು ಹಾಕಿದ ಮಾತ್ರಕ್ಕೆ ಪೇಜು ಮೇಲಕ್ಕೂ ಏರುವುದಿಲ್ಲ. ಒಂದೇ ಪೇಜು ಮೊಬೈಲಿನಲ್ಲಿ ಒಂದು ಥರ, ಕಂಪ್ಯೂಟರಿನಲ್ಲಿ ಇನ್ನೊಂದು ಥರ ಬರಬಹುದು. ಹುಡುಕುವವರು ಎಲ್ಲಿದ್ದಾರೆ, ಹಿಂದೆ ಏನು ಹುಡುಕಿದ್ದರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೊಟ್ಟೆ ಕಡುಬು ಅಂತ ಕನ್ನಡ ಲಿಪಿಯಲ್ಲಿ ಹುಡುಕಿದರೆ ಕೆಲವು ದಿನ ಟೀಚರ್ ಪೇಜು ಬರೀ ನೀಲಿ ಸಾಲಾಗಿ ಬರುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಅದೇ ಪೇಜಿಗೆ ಫೋಟೋ ಇರುತ್ತಿತ್ತು. ನಮ್ಮ ಕೈಯಲ್ಲಿ ಇರುವುದು ಅರ್ಹತೆ ಒಂದೇ. ಕ್ಲೈಂಟಿಗೆ "ಸ್ಟಾರ್ ಬರಿಸಿಕೊಡ್ತೀವಿ" ಅಂತ ಮಾತು ಕೊಡುವುದನ್ನು ನಾನು ನಿಲ್ಲಿಸಿದೆ.

ಕೊಟ್ಟದ್ದನ್ನು ಅವರು ವಾಪಸು ತೆಗೆದುಕೊಳ್ಳುವುದೂ ಉಂಟು. ಅಂಗಡಿಯವರು ತಮ್ಮದೇ ಸೈಟಿನಲ್ಲಿ ತಮ್ಮ ಬಗ್ಗೆ ತಾವೇ ಹಾಕಿಕೊಂಡ ರಿವ್ಯೂಗಳಿಗೆ ಸ್ಟಾರ್ ತೋರಿಸುವುದನ್ನು ಗೂಗಲ್ 2019ರಲ್ಲಿ ನಿಲ್ಲಿಸಿತು. ಪೇಜಿನಲ್ಲಿರುವ ಪ್ರಶ್ನೆ, ಉತ್ತರಗಳನ್ನು ಸರ್ಚಿನಲ್ಲೇ ತೋರಿಸುವ ಪ್ರಶ್ನೋತ್ತರದ ಕಥೆಯೂ ಹಾಗೇ. 2019ರಲ್ಲಿ ಅದು ಬಂದಾಗ ಸರ್ಚಿನಲ್ಲಿ ಎಷ್ಟು ಜಾಗ ಸಿಗುತ್ತಿತ್ತು ಅಂದರೆ, ಎಲ್ಲ ಕ್ಲೈಂಟೂ ಎಲ್ಲ ಪೇಜಿಗೂ ಅದೇ ಬೇಕು ಅನ್ನುತ್ತಿದ್ದರು. ಯಾರೂ ಕೇಳದ ಪ್ರಶ್ನೆಗಳನ್ನು ನಾವೇ ಕೂತು ಬರೆದೆವು. 2023ರ ಆಗಸ್ಟಿನಲ್ಲಿ ಗೂಗಲ್ ಅದನ್ನು ಹೆಸರುವಾಸಿಯಾದ ಸರ್ಕಾರಿ ಮತ್ತು ಆರೋಗ್ಯದ ಸೈಟುಗಳಿಗೆ ಮಾತ್ರ ಉಳಿಸಿತು. ನಮ್ಮ ಫೋನು ಒಂದು ವಾರ ಬಿಡುವಿಲ್ಲದೆ ಬಡಿದುಕೊಂಡಿತು. ಮಾಡುವ ವಿಧಾನವನ್ನು ಹಂತಹಂತವಾಗಿ ತೋರಿಸುವ ಹೌ-ಟು ಕೂಡ ಮುಂದಿನ ತಿಂಗಳೇ ಹೋಯಿತು. ನನಗೆ ಬೇಜಾರಾದದ್ದು ಅದು ಹೋದದ್ದಕ್ಕಲ್ಲ, ಆ ಪ್ರಶ್ನೆಗಳನ್ನು ಬರೆಯಲು ಕಳೆದ ದಿನಗಳಿಗೆ. ನಿಜವಾಗಿ ಓದುಗರು ಕೇಳಿದ್ದಕ್ಕೆ ಉತ್ತರ ಬರೆದಿದ್ದ ಪೇಜುಗಳು ಆಮೇಲೂ ಚೆನ್ನಾಗಿಯೇ ನಡೆದವು.

ಇನ್ನೊಂದು ಇದೆ, ಎಲ್ಲಕ್ಕಿಂತ ಮೇಲೆ ಡಬ್ಬಿಯ ಹಾಗೆ ಬರುವ ನೇರ ಉತ್ತರ. ಫೀಚರ್ಡ್ ಸ್ನಿಪೆಟ್ ಅನ್ನುತ್ತಾರೆ. ಅದಕ್ಕೆ ಯಾವ ಕೋಡೂ ಇಲ್ಲ. ಪೇಜಿನ ಮಾತಿನಿಂದಲೇ ಗೂಗಲ್ ಆರಿಸಿಕೊಳ್ಳುತ್ತದೆ. ಪೇಜಿನ ಒಳಗೆ ನೋಸ್ನಿಪೆಟ್ ಅಂತ ಸೂಚನೆ ಬರೆದು ಬೇಡ ಅನ್ನಬಹುದು ಅಷ್ಟೇ, ನನಗೇ ಕೊಡಿ ಅಂತ ಕೇಳುವ ದಾರಿ ಇಲ್ಲ. ಟೀಚರ್ ಪೇಜಿನಲ್ಲಿ ಹಿಟ್ಟಿನ ಅಳತೆ, ಹುದುಗುವ ಹೊತ್ತು ಎಲ್ಲ ಒಂದು ಫೋಟೋದ ಮೇಲೆ ಚೆಂದದ ಅಕ್ಷರದಲ್ಲಿ ಇತ್ತು. ಅದನ್ನೇ ಮಾತಿನಲ್ಲೂ ಬರೆಯಿರಿ ಅಂತ ಕೇಳಿಕೊಂಡೆ. "ಹಿಟ್ಟು ಹುದುಗಲು ಎಂಟರಿಂದ ಹತ್ತು ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ" ಅಂತ ಒಂದು ಸಾಲು ಸೇರಿಸಿದರು. ಕೆಲವು ವಾರ ಕಳೆದ ಮೇಲೆ ಅದೇ ಸಾಲು ಡಬ್ಬಿಯಲ್ಲಿ ಬಂತು. ಆ ಮಳೆಗಾಲದ ಮಾತು ಅವರಿಗೆ ಅವರ ಅಜ್ಜಿ ಹೇಳಿಕೊಟ್ಟದ್ದಂತೆ.

ಆಮೇಲೆ ಟೀಚರ್ ಒಪ್ಪಿದ ಮೇಲೆ ಪ್ರತಿ ಅಡುಗೆಯ ಕೆಳಗೆ ನಿಜವಾದ ಸ್ಟಾರ್ ಕೊಡುವ ಜಾಗ ಮಾಡಿದೆವು. ಅವರ ಷರತ್ತು ಒಂದೇ. ಕಡಿಮೆ ಸ್ಟಾರ್ ಬಂದರೆ ಅಳಿಸಬಾರದು. ಮೂರು ವಾರ ಯಾರೂ ಬರಲಿಲ್ಲ. ನಾನು ದಿನಾ ಹೋಗಿ ನೋಡುತ್ತಿದ್ದೆ. ಮೊದಲು ಬಂದದ್ದು 3 ಸ್ಟಾರ್. ಹೊರದೇಶದಲ್ಲಿರುವ ಒಬ್ಬ ಹೆಣ್ಣುಮಗಳು ಬರೆದಿದ್ದರು, ರುಚಿ ಚೆನ್ನಾಗಿತ್ತು, ಆದರೆ ಕೊಟ್ಟೆ ಬಿಚ್ಚಿಕೊಂಡು ಹಿಟ್ಟೆಲ್ಲ ಪಾತ್ರೆಗೆ ಇಳಿಯಿತು ಅಂತ.

ನಾನು ಫೋನು ಮಾಡಿ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರದೇ ಫೋನು ಬಂತು. "ನೋಡಿದೆ. ಎಲೆ ಒಣಗಿದ್ದಿರಬೇಕು, ಪಾಪ. ಅಲ್ಲಿ ಹಸಿ ಎಲೆ ಎಲ್ಲಿ ಸಿಗ್ತದೆ? ಬಾಳೆ ಎಲೆ ಬಾಡಿಸಿ ಕಟ್ಟುವ ಕ್ರಮ ಬರೆದು ಕಳಿಸ್ತೇನೆ, ಇವತ್ತೇ ಹಾಕು."

ಅವತ್ತೇ ಹಾಕಿದೆ. ಈಗ ಕೊಟ್ಟೆ ಕಡುಬು ಹುಡುಕಿದರೆ ಟೀಚರ್ ಹೆಸರಿನ ಕೆಳಗೆ ಒಮ್ಮೊಮ್ಮೆ 4.3 ಅಂತ ಬರುತ್ತದೆ, ಪಕ್ಕದಲ್ಲಿ 11. ಆ ಹನ್ನೊಂದು ಜನ ಯಾರು ಯಾರು, ಯಾರ ಕೊಟ್ಟೆ ನಿಂತಿತು, ಯಾರದು ಸೋರಿತು ಅಂತ ಟೀಚರಿಗೆ ಗೊತ್ತು.