ವಾಷಿಂಗ್ಟನ್ನಿನ ಮ್ಯೂಸಿಯಂ, ಕಸ್ತೂರಬಾ ರಸ್ತೆಯ ವಿಮಾನ

13 ಜುಲೈ 2025, ಭಾನುವಾರ
ಬೆಂಗಳೂರು

ವಿಮಾನ, ರಾಕೆಟ್ಟು ಅಂದರೆ ಊಟ ಬಿಟ್ಟು ಓಡಿಬರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇದನ್ನು ಓದಿ. ಅಮೆರಿಕದ ವಾಷಿಂಗ್ಟನ್‌ನಲ್ಲಿ ಸ್ಮಿತ್‌ಸೋನಿಯನ್‌ನವರ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ಇದೆ. ರೈಟ್ ಸಹೋದರರು ಹಾರಿಸಿದ ಮೊದಲ ವಿಮಾನ, ಚಂದ್ರನ ತನಕ ಹೋಗಿ ಬಂದ ಅಪೊಲೊ 11ರ ಕೊಲಂಬಿಯಾ, ಎಲ್ಲ ಅವರ ಹತ್ತಿರವೇ ಇವೆ. ಅಲ್ಲಿನ ಎಷ್ಟೋ ಉಪನ್ಯಾಸ, ಮಕ್ಕಳ ಕಾರ್ಯಕ್ರಮಗಳನ್ನು ಅವರು ಆನ್‌ಲೈನಿನಲ್ಲಿ ಒಂದು ಪೈಸೆ ತಗೊಳ್ಳದೆ ತೋರಿಸುತ್ತಾರೆ. ಮಿಡ್ಲ್ ಸ್ಕೂಲ್ ಮಕ್ಕಳಿಗೆ ಅಂತಲೇ ‘ಸ್ಟೆಮ್ ಇನ್ 30’ ಅನ್ನುವುದಿದೆ, ಅರ್ಧ ಗಂಟೆಯದು, ಬೇಜಾರಾಗುವುದೇ ಇಲ್ಲ.

ಲೈವ್ ನೋಡಬೇಕಾದರೆ ಸಮಯದ ಲೆಕ್ಕ ನೆನಪಿರಲಿ. ಮಾರ್ಚ್‌ನಿಂದ ನವೆಂಬರ್ ತನಕ ಅಲ್ಲಿ ರಾತ್ರಿ ಎಂಟು ಗಂಟೆ ಅಂದರೆ ನಮಗೆ ಮರುದಿನ ಬೆಳಗಿನ ಐದೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ ಆರೂವರೆ ಆಗುತ್ತದೆ. ಏಳಲು ಆಗದಿದ್ದರೆ ಚಿಂತೆ ಇಲ್ಲ, ಉಪನ್ಯಾಸಗಳ ರೆಕಾರ್ಡಿಂಗ್ ಯೂಟ್ಯೂಬಿನಲ್ಲಿ ಸಿಗುತ್ತದೆ.

ಇವತ್ತು ಬೆಳಗ್ಗೆ ಅಕ್ಕನ ಮಗಳ ಜೊತೆ ಕೂತು ರೈಟ್ ಸಹೋದರರ ವಿಮಾನದ ಬಗ್ಗೆ ನೋಡಿದೆ. ಅವಳಿಗೆ ಏಳನೇ ಕ್ಲಾಸು. ಮೊದಲು ಹಾರಿದವರು ಯಾರು ಅನ್ನುವುದು ಪಾಠದಲ್ಲಿ ಬಂದಿದೆ. ಆದರೆ ಗಾಳಿಯಲ್ಲಿ ವಾಲಿದ ವಿಮಾನವನ್ನು ಸರಿ ಮಾಡುವುದು ಹೇಗೆ ಅನ್ನುವುದು ಬಂದಿರಲಿಲ್ಲ. ಅಸಲಿ ಕಷ್ಟ ಇದ್ದದ್ದೇ ಅಲ್ಲಿ.

ಟೂತ್‌ಪೇಸ್ಟಿನ ಖಾಲಿ ಡಬ್ಬಿ ತಗೊಂಡು ಎರಡೂ ಕಡೆಯ ಮುಚ್ಚಳ ಕಿತ್ತು ಹಾಕಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಒಂದು ತುದಿಯ ಅಂಚು ಮೇಲೇಳುತ್ತದೆ, ಇನ್ನೊಂದು ತುದಿಯದು ಕೆಳಗಿಳಿಯುತ್ತದೆ, ಡಬ್ಬಿ ಮಾತ್ರ ಮುರಿಯುವುದಿಲ್ಲ. 1899ರಲ್ಲಿ ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ಡಬ್ಬಿಯೊಂದನ್ನು ಸುಮ್ನೆ ತಿರುಚುತ್ತಾ ನಿಂತಿದ್ದ ವಿಲ್ಬರ್ ರೈಟ್‌ಗೆ ಹೊಳೆದದ್ದು ಇದೇ. ಮೇಲೆ ಒಂದು, ಕೆಳಗೆ ಒಂದು ರೆಕ್ಕೆ ಇಟ್ಟು, ಎರಡನ್ನೂ ಹೀಗೆ ಒಟ್ಟಿಗೆ ತಿರುಚಿದರೆ ಒಂದು ಬದಿಗೆ ಗಾಳಿಯ ಎತ್ತುವ ಬಲ ಜಾಸ್ತಿ, ಇನ್ನೊಂದು ಬದಿಗೆ ಕಡಿಮೆ. ವಾಲಿದ ವಿಮಾನ ನೇರವಾಗುತ್ತದೆ. ಓಡಿಸುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಿ ಸೊಂಟ ಅತ್ತಿತ್ತ ಸರಿಸಿದರೆ ತಂತಿಗಳು ರೆಕ್ಕೆಯನ್ನು ಎಳೆಯುತ್ತಿದ್ದವು. 1903ರ ಡಿಸೆಂಬರ್ 17ರಂದು ಆರ್ವಿಲ್ ಹಾರಿದ್ದು 12 ಸೆಕೆಂಡು, 120 ಅಡಿ. ಅದೇ ದಿನ ನಾಲ್ಕನೇ ಸಲ ವಿಲ್ಬರ್ ಹಾರಿದಾಗ 59 ಸೆಕೆಂಡು, 852 ಅಡಿ.

ಡಬ್ಬಿ ತಿರುಚಿ ತಿರುಚಿ ಅವಳು ಅದನ್ನು ಹಣ್ಣು ಮಾಡಿದಳು. ಆಮೇಲೆ “ಚಿಕ್ಕಮ್ಮ, ನಿಜವಾದದ್ದನ್ನ ನೋಡಬೇಕು” ಅಂದಳು. ನಿಜವಾದದ್ದು ವಾಷಿಂಗ್ಟನ್‌ನಲ್ಲಿದೆ, ಆದರೆ ಅಷ್ಟೇ ಅಳತೆಯ ಮಾದರಿ ನಮ್ಮ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೇ ಇದೆಯಲ್ಲ! ತಿಂಡಿ ಮುಗಿಸಿ ಹೊರಟೆವು. ಸ್ಕೂಲಿನವರ ಜೊತೆ ಮೊದಲೇ ಬಂದಿದ್ದಾಳಂತೆ, ಸಾಲಿನಲ್ಲಿ ನೋಡಿಕೊಂಡು ಮುಂದೆ ಹೋಗಿದ್ದಳಂತೆ. ಇವತ್ತು ಅಲ್ಲಿಂದ ಕದಲಲಿಲ್ಲ. ಸೊಂಟ ಇಡುವ ಜಾಗ ಯಾವುದು, ಪ್ರೊಪೆಲ್ಲರ್ ತಿರುಗಿಸುವ ಚೈನು ಯಾವುದು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಬೆರಳು ತೋರಿಸಿ ಹುಡುಕುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಪುಟ್ಟ ಹುಡುಗನಿಗೂ ಅವಳೇ ವಿವರಿಸಿದಳು. ಕೇಳುತ್ತಾ ನಿಂತ ನನಗೆ ತುಂಬಾ ಖುಷಿಯಾಯಿತು.

ಮ್ಯೂಸಿಯಂನ ಹೊರಗಡೆ ಮಾರುತ್ ನಿಂತಿದೆ. ನಮ್ಮ ಎಚ್‌ಎಎಲ್‌ನಲ್ಲಿ ತಯಾರಾದ ಯುದ್ಧವಿಮಾನ, ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ವಿನ್ಯಾಸ ಮಾಡಿದ್ದು, ಮೊದಲು ಹಾರಿದ್ದು 1961ರ ಜೂನ್ 17ರಂದು. ಅದರ ಮುಂದೆ ನಿಂತು ಅವಳು ಕೇಳಿದ್ದು, ಇದನ್ನು ಮಾಡಿದವರು ಈಗ ಎಲ್ಲಿದ್ದಾರೆ ಅಂತ.

ಎಲ್ಲೂ ಹೋಗಿಲ್ಲ, ಎಷ್ಟೋ ಜನ ನಮ್ಮ ಸುತ್ತಲೇ ಇದ್ದಾರೆ ಅಲ್ವಾ? ವಿಮಾನಪುರದ ಹ್ಯಾಂಗರುಗಳಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ದುಡಿದವರು ಈಗ ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. 1975ರ ಏಪ್ರಿಲ್ 19ರಂದು ಮೇಲೆ ಹೋದ ಆರ್ಯಭಟ ತಯಾರಾದದ್ದು ಪೀಣ್ಯದಲ್ಲೇ, ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. ಉಪಗ್ರಹದ ಮಾಹಿತಿ ಹಿಡಿಯುವ ಯಂತ್ರಗಳನ್ನು ಇಡಲು ಜಾಗ ಇಲ್ಲದೆ ಒಂದು ಶೌಚಾಲಯವನ್ನೇ ಸರಿಮಾಡಿಕೊಂಡಿದ್ದರು. ಇಂಥ ಕಥೆಗಳನ್ನು ನಮ್ಮ ಮಕ್ಕಳು ಕೆಲಸ ಮಾಡಿದವರ ಬಾಯಿಂದಲೇ, ಕನ್ನಡದಲ್ಲೇ ಕೇಳಬೇಕು ಅನ್ನುವುದು ನನ್ನ ಆಸೆ. ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನ ಇದೆ, ನಿಜ, ಆದರೆ ಅದಕ್ಕೆ ಟಿ. ಚೌಡಯ್ಯ ರಸ್ತೆಗೇ ಬರಬೇಕು. ಶಿರಾ ಹತ್ತಿರದ ಹಳ್ಳಿಯ ಹುಡುಗಿ ಏನು ಮಾಡಬೇಕು? ವಾಷಿಂಗ್ಟನ್ನಿನವರು ಫೋನಿನಲ್ಲೇ ನಮ್ಮ ಮನೆಗೆ ಬರುತ್ತಾರೆ, ಆದರೆ ಇಂಗ್ಲಿಷಿನಲ್ಲಿ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದದ್ದಕ್ಕೆ ಇವಳಿಗೆ ಅರ್ಥವಾಯಿತು. ಎಲ್ಲ ಮಕ್ಕಳ ಪಕ್ಕದಲ್ಲೂ ಯಾರಾದರೂ ಕೂತಿರುತ್ತಾರಾ?

ಸಂಜೆ ಎದುರುಮನೆ ಅಂಕಲ್ ಹತ್ತಿರ ಇದನ್ನೇ ಹೇಳಿದೆ. ಎಚ್‌ಎಎಲ್‌ನಲ್ಲಿ ಕಿರಣ್ ತರಬೇತಿ ವಿಮಾನಕ್ಕೆ ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಲೋಹದ ಮೊಳೆ, ಹೊಡೆದವರು ಅವರು. “ನೋಡಮ್ಮ, ನಾನೇನು ವಿಜ್ಞಾನಿ ಅಲ್ಲ” ಅಂತ ಶುರು ಮಾಡಿ, ಆಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ. ಹೊರಗಿನಿಂದ ಒಬ್ಬ ಗನ್ ಹಿಡಿದು ರಿವೆಟ್ ಹೊಡೆಯುವಾಗ, ಒಳಗಿನಿಂದ ಇನ್ನೊಬ್ಬ ಅದರ ಬಾಲಕ್ಕೆ ಗಟ್ಟಿ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಇಬ್ಬರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಸದ್ದು ಬದಲಾದದ್ದನ್ನು ಕೇಳಿಯೇ ರಿವೆಟ್ ಸರಿಯಾಗಿ ಕೂತಿತು ಅಂತ ತಿಳಿಯುತ್ತಿತ್ತಂತೆ. ಸಣಕಲು ಮೈಯವರನ್ನೇ ಒಳಗೆ ತೂರಿಸುತ್ತಿದ್ದರಂತೆ.

ಒಂದು ಭಾನುವಾರ ಗೂಗಲ್ ಮೀಟ್‌ನಲ್ಲಿ ಮಕ್ಕಳಿಗೆ ಇದನ್ನೇ ಹೇಳಿ ಅಂದೆ. ಒಪ್ಪಿದ್ದಾರೆ. ಮನೆಯಲ್ಲಿ ಒಂದೆರಡು ಹಳೇ ರಿವೆಟ್ಟು ಇರಬೇಕು, ಹುಡುಕುತ್ತೇನೆ ಅಂದರು. ಶಿರಾ ಕಡೆಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿರುವ ಗೆಳೆಯನಿಗೂ ಫೋನ್ ಮಾಡಿದೆ. ಪ್ರೊಜೆಕ್ಟರ್ ಇದೆ, ಭಾನುವಾರವಾದರೂ ಮಕ್ಕಳನ್ನು ಸೇರಿಸುತ್ತೇನೆ ಅಂದ. ಕರೆಂಟಿನ ಸಮಯ ನೋಡಿಕೊಂಡು ನಾಳೆ ದಿನಾಂಕ ಹೇಳುತ್ತಾನೆ.